ಬಣ್ಣದ ಮೇಸ್ತ್ರಿಯ ಕೊನೆಯ ಲಾಟು

ನನ್ನ ಭಾವನಿಗೆ ಒಂದು ಕೆಟ್ಟ ಚಾಳಿಯಿತ್ತು. ಯಾರಾದರೂ ಹೊಸ ಬಟ್ಟೆ ತೊಟ್ಟು ಎದುರಿಗೆ ಬಂದರೆ ಸಾಕು, ಚೆನ್ನಾಗಿದೆ ಅನ್ನುವುದಕ್ಕೂ ಮೊದಲು ತೋಳಿನ ತುದಿ ಹಿಡಿದು, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಉಜ್ಜಿ ನೋಡುತ್ತಿದ್ದರು. ಬೆರಳಿಗೆ ಬಣ್ಣ ಹತ್ತಿದರೆ ಅಯ್ಯೋ ಪಾಪ ಅನ್ನುವ ಮುಖ. ಹತ್ತದಿದ್ದರೆ ತಾವೇ ಅದ್ದಿದವರ ಹಾಗೆ ಬೀಗುತ್ತಿದ್ದರು. ನನ್ನ ಮದುವೆಯ ದಿನ ಮದುಮಗನ ಕೋಟನ್ನೂ ಬಿಡಲಿಲ್ಲ. "ಇದು ನಿಲ್ಲೋ ಬಣ್ಣ ಅಲ್ಲ ಕಣೇ," ಎಂದು ನನ್ನ ಕಿವಿಯಲ್ಲಿ ಉಸುರಿದರು. ಕೋಟಿನ ಕಥೆ ಏನಾಯಿತೋ ಗೊತ್ತಿಲ್ಲ, ಅದರೊಳಗಿದ್ದವನಂತೂ ಬಹಳ ದಿನ ನಿಲ್ಲಲಿಲ್ಲ. ನಾನು ಪೆಟ್ಟಿಗೆ ಎತ್ತಿಕೊಂಡು ಅಕ್ಕನ ಮನೆಗೆ ಬಂದೆ. ಭಾವ ಒಂದು ಮಾತೂ ಕೇಳದೆ ಮರುವಾರವೇ ತಾವು ದುಡಿಯುತ್ತಿದ್ದ ಬಣ್ಣದ ಕಾರ್ಖಾನೆಯಲ್ಲಿ ಬಟ್ಟೆ ಮಡಿಸುವ ಕೆಲಸಕ್ಕೆ ಸೇರಿಸಿದರು.

ಅವರನ್ನು ಊರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಕಾರ್ಖಾನೆ ಹೊಳೆಯ ದಂಡೆಯಲ್ಲಿತ್ತು. ತಗಡಿನ ಸೂರು, ಅದರ ಕೆಳಗೆ ಉದ್ದುದ್ದ ಉಕ್ಕಿನ ತೊಟ್ಟಿಗಳು, ತೊಟ್ಟಿಯ ಮೇಲೆ ಉರುಳೆಗಳು, ಉರುಳೆಯ ಮೇಲೆ ಮುಗಿಯದ ಬಟ್ಟೆ. ಒಳಗೆ ಕಾಲಿಟ್ಟರೆ ಹಬೆ ಕನ್ನಡಕವನ್ನು ಮುಚ್ಚುತ್ತಿತ್ತು, ಪಾದದವರೆಗೆ ನೀರು. ಮೂಲೆಯಲ್ಲೊಂದು ಕಿಟಕಿ ಭಾವನದು. ಒದ್ದೆ ತುಂಡನ್ನು ಆ ಬೆಳಕಿಗೆ ಹಿಡಿದು, ಒಣಗಿದ ಮೇಲೆ ಅದರ ಬಣ್ಣ ಎಷ್ಟು ಇಳಿಯುತ್ತದೆ ಎಂದು ಹೇಳುತ್ತಿದ್ದರು. ಅವರ ಉಗುರುಗಳಂತೂ ಯಾವತ್ತೂ ಮನುಷ್ಯರ ಉಗುರಿನ ಬಣ್ಣದಲ್ಲಿರಲಿಲ್ಲ. "ಈ ವಾರ ಯಾವ ಆರ್ಡರ್ ನಡೀತಿದೆ ಅಂತ ನಾನು ಕೇಳೋದೇ ಇಲ್ಲ, ಊಟಕ್ಕೆ ಕೂತಾಗ ಕೈ ನೋಡ್ತೀನಿ," ಎನ್ನುತ್ತಿದ್ದಳು ಅಕ್ಕ.

ಬಟ್ಟೆಗೆ ಬಣ್ಣ ಹಾಕುವುದೆಂದರೆ ಅದ್ದಿ ತೆಗೆಯುವುದು ಎಂದು ಹೊರಗಿನವರು ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಬಣ್ಣ ಸೋಮಾರಿ, ಸುಮ್ಮನೆ ನೀರಿನಲ್ಲಿ ಕರಗಿಕೊಂಡೇ ಇರುತ್ತದೆ. ಉಪ್ಪು ಸುರಿದರೆ ಮಾತ್ರ ನೀರನ್ನು ಬಿಟ್ಟು ಬಟ್ಟೆಗೆ ಹೋಗುತ್ತದೆ. ಹೋದದ್ದೆಲ್ಲ ಅಲ್ಲಿ ಬೇರು ಬಿಡುವುದಿಲ್ಲ, ಅರ್ಧಂಬರ್ಧ ಅಂಟಿಕೊಂಡದ್ದೂ ಇರುತ್ತದೆ. ಅದನ್ನು ಒಳ್ಳೆಯ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಓಡಿಸಬೇಕು. ಒಂದೊಂದು ತೊಳೆತವನ್ನೂ 'ಒಂದು ನೀರು' ಎನ್ನುತ್ತಿದ್ದೆವು. ತಿಳಿ ಬಣ್ಣಕ್ಕೆ ಮೂರು ನೀರು, ಕಡು ಬಣ್ಣಕ್ಕೆ ಆರು. ಹೊಸಬರಿಗೆ ಭಾವ ಹೇಳಿಕೊಡುತ್ತಿದ್ದದ್ದು ಇಷ್ಟೇ: "ಉಪ್ಪು ಬಾ ಅಂತ ಕರೆಯತ್ತೆ, ನೀರು ಹೋಗು ಅಂತ ಕಳಿಸತ್ತೆ. ಇಬ್ಬರ ಮಾತೂ ನಡೀಬೇಕು."

ಮಳೆ ತಪ್ಪಿದ ಮೊದಲ ವರ್ಷ ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೊಳೆ ಬಡಕಲಾಯಿತು, ಮುಂದಿನ ವರ್ಷ ತುಂಬುತ್ತದೆ ಅಂದುಕೊಂಡೆವು. ಎರಡನೇ ವರ್ಷ ಮೇಲಿನ ಅಣೆಕಟ್ಟೆಯ ತಳ ಕಂಡಿತು. ಕರೆಂಟು ಬರುತ್ತಿದ್ದದ್ದು ಅಲ್ಲಿಂದಲೇ, ಅದೂ ಮನಸ್ಸಿಗೆ ಬಂದಾಗ ಬಂದು ಹೋಗುವ ನೆಂಟನಾಯಿತು. ಬಟ್ಟೆ ಅರ್ಧ ಅದ್ದಿರುವಾಗ ಉರುಳೆ ನಿಂತರೆ ಆ ಲಾಟು, ಅಂದರೆ ಒಂದು ಸಲಕ್ಕೆ ತೊಟ್ಟಿಗಿಳಿಸಿದ ಬಟ್ಟೆ, ಪೂರ್ತಿ ಹಾಳು. ಮೂರನೇ ವರ್ಷ ಸರ್ಕಾರದ ಆದೇಶ ಬಂತು: ಮೊದಲು ಕುಡಿಯಲು, ಆಮೇಲೆ ಹೊಲಕ್ಕೆ, ಉಳಿದರೆ ಕಾರ್ಖಾನೆಗೆ. ಸರಿಯೇ, ಕುಡಿಯುವವರ ಬಾಯಿಗೆ ಅಡ್ಡ ಬರುವವರು ಯಾರು? ಆದರೆ ಉಳಿಯಲು ಏನೂ ಇರಲಿಲ್ಲ. ಹೊಳೆ ದಂಡೆಯ ಕಾರ್ಖಾನೆಗಳು ಒಂದೊಂದಾಗಿ ಬೀಗ ಹಾಕಿದವು. ಅವುಗಳ ಹಿಂದೆ ಮಗ್ಗದವರು, ಹೊಲಿಯುವವರು, ಬಟ್ಟೆಯ ಬೇಲು-ಮೂಟೆ ಹೊರುವವರು, ಲಾರಿಯವರು, ಕೊನೆಗೆ ನಮ್ಮ ಗೇಟಿನ ಎದುರಿನ ಚಹಾದವನು.

ಟಿವಿಯಲ್ಲಿ ಮಂತ್ರಿಗಳು ದೇಶದ ಬೊಕ್ಕಸದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನನಗೆ ತಿಳಿದದ್ದು ಇಷ್ಟು. ಹೊರದೇಶದ ಹಣ ಬರುತ್ತಿದ್ದದ್ದು ನಮ್ಮ ಬಟ್ಟೆಯಿಂದ. ಬೆಳೆ ಒಣಗಿದ್ದರಿಂದ ಈಗ ಧಾನ್ಯವನ್ನು ಹೊರದೇಶದಿಂದ ತರಿಸಬೇಕು. ತರಿಸುವುದಕ್ಕೆ ಹಣ ತರಬೇಕಾದ ಬಟ್ಟೆಗೆ ನೀರಿಲ್ಲ. ಇಷ್ಟು ಹೇಳಲು ಅವರಿಗೆ ಅಷ್ಟು ದೊಡ್ಡ ಮೇಜು ಯಾಕೆ ಬೇಕಾಗಿತ್ತೋ.

ಟ್ಯಾಂಕರಿನವರು ಮಾತ್ರ ಕೊಬ್ಬಿದರು. ಪಾತಾಳಕ್ಕೆ ಕೊಳವೆ ಇಳಿಸಿ ಎತ್ತಿದ ನೀರು ಅದು. ಬಾಯಿಗೆ ಹಾಕಿದರೆ ಉಗುಳಬೇಕು, ಸೋಪು ಹಾಕಿದರೆ ನೊರೆ ಬಾರದು, ತಲೆಗೆ ಸುರಿದುಕೊಂಡರೆ ಕೂದಲು ತೆಂಗಿನ ನಾರು. ಮೀಯಲು, ತೊಳೆಯಲು ಅದೇ. ಕುಡಿಯಲು ಮಾತ್ರ ಎಲ್ಲರೂ ಕ್ಯಾನಿನ ನೀರು ಕೊಳ್ಳುತ್ತಿದ್ದೆವು. ಕ್ಯಾನು ಅಕ್ಕನ ಅಡುಗೆಮನೆಯಲ್ಲಿ, ಅಕ್ಕನ ಕಣ್ಗಾವಲಿನಲ್ಲಿ ಇರುತ್ತಿತ್ತು. ಲೋಟ ಅರ್ಧ ಕುಡಿದು ಇಟ್ಟರೆ ಬೈಗುಳ ಪೂರ್ತಿ ಸಿಗುತ್ತಿತ್ತು.

ಆ ಹೊತ್ತಿಗೆ ನಮ್ಮ ಯಜಮಾನರು ಭಾವನನ್ನು ಮೇಲಿನ ಕೋಣೆಗೆ ಕರೆದರು. ಭಾವನಿಗಿಂತ ಚಿಕ್ಕವರು, ಕೆಟ್ಟವರೇನಲ್ಲ. ಹೊರದೇಶದ ದೊಡ್ಡ ಅಂಗಡಿಯೊಂದಕ್ಕೆ ಕೆಂಪು ಬೆಡ್‌ಶೀಟು ಬೇಕಿತ್ತು, ಅಂಚಿಗೆ ಬಿಳಿ ಪಟ್ಟಿ. ಮಾದರಿ ಹಿಂದೆಯೇ ಹೋಗಿ ಒಪ್ಪಿಗೆಯಾಗಿತ್ತು. ಅದನ್ನು ಅದ್ದಿದ್ದು ಹೊಳೆಯಲ್ಲಿ ಇನ್ನೂ ನೀರಿದ್ದಾಗ. ಈ ಮಾಲು ಒಪ್ಪಿಗೆಯಾದರೆ ಇಡೀ ವರ್ಷದ ಕೆಲಸ ನಮ್ಮದು.

"ಆಗದಿದ್ರೆ ಮಷೀನು ಮಾರಿ ಕೈ ತೊಳ್ಕೋತೀನಿ ಮೇಸ್ತ್ರಿ. ನನ್ನ ಹತ್ರ ಇನ್ನೇನೂ ಉಳಿದಿಲ್ಲ," ಎಂದರು ಯಜಮಾನರು.

"ಕೈ ತೊಳೆಯೋಕಾದ್ರೂ ನೀರು ಬೇಕಲ್ಲ ಯಜಮಾನ್ರೇ," ಎಂದವನು ಕರೆಯದೆಯೇ ಹಿಂದೆ ಬಂದಿದ್ದ ರೇಡಿಯೊ. ಉರುಳೆ ನಡೆಸುವವನು, ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಆ ಹೆಸರು. ಭಾವ ನಗಲಿಲ್ಲ. ಅವತ್ತು ಊಟಕ್ಕೆ ಕೂತು, ತಟ್ಟೆಯನ್ನು ಮುಟ್ಟದೆ ಅಕ್ಕನಿಗೆ ಹೇಳಿದರು: "ಇದು ನಿಂತ್ರೆ ನಾನು ಎಲ್ಲಿಗೆ ಹೋಗ್ಲಿ? ಈ ವಯಸ್ಸಲ್ಲಿ ಬೇರೆ ಏನು ಬರತ್ತೆ ನಂಗೆ?" ಅಕ್ಕ ತುತ್ತು ಕಲಸಿ ಅವರ ತಟ್ಟೆಯಲ್ಲಿಟ್ಟಳು.

ಕೆಂಪಿಗೆ ಆರು ನೀರು ಬೇಕು. ಟ್ಯಾಂಕರಿನಿಂದ ಬರುತ್ತಿದ್ದದ್ದು ಎರಡು ನೀರಿಗೂ ಸಾಲದು. ಭಾವ ಒಂದು ಉಪಾಯ ಹೂಡಿದರು. ಒಂದು ಲಾಟಿನ ಕೊನೆಯ ತೊಳೆತದ ನೀರನ್ನು ಚೆಲ್ಲದೆ ಪಕ್ಕದ ತೊಟ್ಟಿಗೆ ತಿರುಗಿಸಿ, ಮುಂದಿನ ಲಾಟಿಗೆ ಅದನ್ನೇ ಮೊದಲ ನೀರು ಮಾಡಿದರು. ಅದರಿಂದ ಬಂದದ್ದನ್ನು ಸೋಸಿ ಇನ್ನೊಂದಕ್ಕೆ. ಹೀಗೆ ಒಂದೇ ನೀರು ಇಡೀ ಶೆಡ್ಡನ್ನು ಸುತ್ತಿ ಬರುತ್ತಿತ್ತು. ರೇಡಿಯೊ ಅದಕ್ಕೆ 'ಮೇಸ್ತ್ರಿಯ ಎಂಜಲು ನೀರು' ಎಂದು ನಾಮಕರಣ ಮಾಡಿದ. ಎಂಜಲೋ ಗಿಂಜಲೋ, ಉರುಳೆಗಳು ತಿರುಗಿದವು. ಮುಚ್ಚಿದ ಕಾರ್ಖಾನೆಗಳವರು ಗೇಟಿನ ಹೊರಗೆ ನಿಂತು ನಮ್ಮ ಹೊಗೆಯನ್ನು ನೋಡುತ್ತಿದ್ದರು. ಯಜಮಾನರು ಎಲ್ಲರೆದುರು ಭಾವನನ್ನು ತಬ್ಬಿಕೊಂಡು, ಅಂಗಿಗೆ ಕೆಂಪು ಮೆತ್ತಿಸಿಕೊಂಡು ಹೋದರು.

ಪ್ರತಿ ಲಾಟಿನಿಂದಲೂ ಭಾವ ಒಂದು ತುಂಡು ಕತ್ತರಿಸಿ, ಅದಕ್ಕೆ ಬಿಳಿ ಚಿಂದಿ ಹೊಲಿದು, ನಲ್ಲಿಯ ನೀರು ತುಂಬಿದ ಪಾತ್ರೆಯಲ್ಲಿ ಸೋಪು ಹಾಕಿ ಕುದಿಸುತ್ತಿದ್ದರು. ಬಣ್ಣ ಬಿಡುವುದಾದರೆ ಬಿಳಿ ಚಿಂದಿ ಗುಲಾಬಿಯಾಗಬೇಕು. ಒಂದು ಸಲವೂ ಆಗಲಿಲ್ಲ. ಇಷ್ಟು ಕಡಿಮೆ ತೊಳೆದರೂ ಹೀಗೆ ನಿಲ್ಲುತ್ತದಲ್ಲ ಎಂದು ಮೊದಮೊದಲು ಅವರಿಗೇ ಆಶ್ಚರ್ಯ. ಆಮೇಲೆ ಅದು ಮೆಲ್ಲಗೆ ಜಂಭವಾಯಿತು.

"ಕೈಗುಣ ಅಂದ್ರೆ ಇದು," ಎಂದು ಚಿಂದಿಯನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಕೈಗುಣ ಇರ್ಲಿ ಭಾವ, ಮೊದಲು ಉಗುರು ತೊಳ್ಕೊಳ್ಳಿ," ಎಂದೆ.

ನಾನು ಆ ಶೀಟುಗಳನ್ನು ಮಡಿಸಿದವಳು. ಎಷ್ಟು ಚೆಂದದ ಕೆಂಪು ಎಂದರೆ, ಮಡಿಸುವ ಮೇಜಿನ ಹೆಂಗಸರೆಲ್ಲ ಒಂದೊಂದು ಸಲ ಕೆನ್ನೆಗೆ ಒತ್ತಿ ನೋಡಿದೆವು. ಬೇಲುಗಳು ಲಾರಿ ಹತ್ತಿದ ದಿನ ಯಜಮಾನರು ಬಿಸ್ಕತ್ತು ಹಂಚಿದರು. ಆಮೇಲೆ ನಾವೆಲ್ಲ ಬಂದರಿನ ಸುದ್ದಿಗೆ, ಹಡಗಿನ ಸುದ್ದಿಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆವು.

ಮಾಲು ಅಂಗಡಿಗೆ ಹೋಯಿತು, ಮಾರಾಟವೂ ಆಯಿತು. ನಂತರ ದೂರು ಬರತೊಡಗಿತು. ಮೊದಲ ಸಲ ತೊಳೆದಾಗಲೇ ಬಿಳಿ ಅಂಚೆಲ್ಲ ಗುಲಾಬಿ, ಜೊತೆಗೆ ಹಾಕಿದ ಬಟ್ಟೆಗಳೂ ಗುಲಾಬಿ. ಉಳಿದ ಮಾಲನ್ನೆಲ್ಲ ತಿರುಗಿ ಹಡಗಿಗೆ ಹಾಕಿದರು.

ಭಾವ ನಂಬಲಿಲ್ಲ. ಬಂದ ಬೇಲನ್ನು ಬಿಚ್ಚಿ, ತುಂಡು ಕತ್ತರಿಸಿ, ಯಜಮಾನರ ಕಣ್ಣೆದುರೇ ಕುದಿಸಿದರು. ಚಿಂದಿ ಬಿಳಿಯಾಗಿಯೇ ಇತ್ತು. ಮತ್ತೊಂದು ಬೇಲು, ಮತ್ತೊಂದು ಪಾತ್ರೆ, ಅದೂ ಹಾಗೆಯೇ. "ಮಾರಾಟ ಕುಸಿದಿರಬೇಕು, ನೆಪ ಹುಡುಕ್ತಿದ್ದಾರೆ," ಎಂದರು ಭಾವ. ಯಜಮಾನರು ಕೊಳ್ಳುವವರಿಗೆ ಕೈ ಮುಗಿದು ಬರೆದರು: ನಿಮ್ಮವರೊಬ್ಬರು ಬಂದು ಕಣ್ಣಾರೆ ನೋಡಲಿ, ನೋಡಿದ ಮೇಲೆ ಏನು ಹೇಳುತ್ತಾರೋ ಅದಕ್ಕೆ ನಾನು ಬದ್ಧ.

ಬಂದವರು ನಡುವಯಸ್ಸಿನ ಹೆಂಗಸು. ಚಕ್ರದ ಪೆಟ್ಟಿಗೆ ಎಳೆದುಕೊಂಡು, ಬೆವರು ಒರೆಸಿಕೊಳ್ಳುತ್ತ ಮೇಲಿನ ಕೋಣೆಗೆ ಹತ್ತಿದರು. ಕರೆಂಟಿಲ್ಲದೆ ಫ್ಯಾನು ನಿಂತಿತ್ತು. ಅವರ ಭಾಷೆ ನಮಗೆ ಬರದು, ಯಜಮಾನರು ತಿಳಿಸಿ ಹೇಳುತ್ತಿದ್ದರು. ಬೇಲು ಬಿಚ್ಚಿಕೊಡಲು ನನ್ನನ್ನು ಕರೆಸಿದ್ದರು. ರೇಡಿಯೊನನ್ನು ಯಾರೂ ಕರೆಸಿರಲಿಲ್ಲ, ಅವನೇ ಬಂದು ಬಾಗಿಲಿಗೆ ಒರಗಿದ್ದ. ಭಾವ ಇಸ್ತ್ರಿ ಅಂಗಿ ಹಾಕಿದ್ದರು. ಸ್ಟೌವ್ ಹಚ್ಚಿ, ಪಾತ್ರೆ ಇಟ್ಟು, ಸೋಪು ಹಾಕಿ, ತುಂಡನ್ನು ಕುದಿಸಿ, ಚಿಂದಿಯನ್ನು ಚಿಮಟದಲ್ಲಿ ಎತ್ತಿ ಹಿಡಿದರು. ಬಿಳಿ.

"ನೋಡಿದ್ರಾ?" ಎಂದ ರೇಡಿಯೊ.

ಆ ಹೆಂಗಸು ಚಿಂದಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ನಿಜವಾಗಿಯೂ ಗೊಂದಲವಾಗಿತ್ತು ಅವರಿಗೆ. ಪಾತ್ರೆಯತ್ತ ಬಗ್ಗಿ, ನೊರೆಯಿಲ್ಲದ ನೀರನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಚೀಲದಿಂದ ತಾವು ಕುಡಿಯುತ್ತಿದ್ದ ನೀರಿನ ಬಾಟಲಿ ತೆಗೆದು, ಮೇಜಿನ ಮೇಲಿದ್ದ ಗಾಜಿನ ಲೋಟಕ್ಕೆ ಸುರಿದರು. ಪೂರ್ತಿ ಲೋಟ ತುಂಬುವಷ್ಟು. ಸತ್ಯ ಹೇಳುತ್ತೇನೆ, ಆ ಕ್ಷಣ ನಮ್ಮಲ್ಲಿ ಯಾರೂ ಬಟ್ಟೆಯನ್ನು ನೋಡಲಿಲ್ಲ, ಬಾಟಲಿಯಿಂದ ಬೀಳುತ್ತಿದ್ದ ನೀರನ್ನೇ ನೋಡಿದೆವು. ಅವರು ಕೆಂಪು ತುಂಡನ್ನು ಅದರೊಳಗೆ ಬಿಟ್ಟು ಕೈಕಟ್ಟಿ ಕುಳಿತರು. ಸೋಪಿಲ್ಲ, ಬೆಂಕಿಯಿಲ್ಲ. ತುಂಡಿನ ಅಂಚಿನಿಂದ ಕೆಂಪು ಎಳೆಯೊಂದು ಎದ್ದಿತು, ಹಿಂದೆಯೇ ಇನ್ನೊಂದು. ನೋಡುನೋಡುತ್ತ ಲೋಟ ಪೂರ್ತಿ ಕೆಂಪಾಯಿತು.

ಭಾವ ಚಿಮಟವನ್ನು ಕೆಳಗಿಟ್ಟರು. ಅವರಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. "ಉಪ್ಪು," ಎಂದರು. ಕಾರ್ಖಾನೆಯ ನಲ್ಲಿಗೂ ಬರುತ್ತಿದ್ದ ಟ್ಯಾಂಕರಿನ ನೀರು ಮೊದಲೇ ಉಪ್ಪು, ಸುತ್ತಿ ಸುತ್ತಿ ಬಂದ ನೀರು ಇನ್ನೂ ಉಪ್ಪು. ಅಷ್ಟು ಉಪ್ಪಿನಲ್ಲಿ ಬಣ್ಣ ಬಟ್ಟೆಯನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ತೊಳೆದಾಗಲೂ ಇಲ್ಲ, ಪರೀಕ್ಷೆಯ ಪಾತ್ರೆಯಲ್ಲೂ ಇಲ್ಲ. ಪ್ರತಿ ಹೊಸಬನಿಗೂ ಇದೇ ಪಾಠ ಹೇಳಿದ ಮನುಷ್ಯ ಅದನ್ನು ತನ್ನ ಪಾತ್ರೆಯಲ್ಲಿ ಕಾಣಲಿಲ್ಲ. "ತಪ್ಪು ನಂದೇ ಯಜಮಾನ್ರೇ. ಅವರದೇನಿಲ್ಲ," ಎಂದು ನಿಂತಲ್ಲೇ ಹೇಳಿದರು. ಯಜಮಾನರು ಅದನ್ನು ಆ ಹೆಂಗಸಿಗೆ ತಿಳಿಸಲಿಲ್ಲ. ಆಕೆಗೆ ಅರ್ಥವಾಗಿತ್ತು. ಹೋಗುವಾಗ ಭಾವನ ಕೈ ಹಿಡಿದು ಏನೋ ಅಂದರು, ಆಕೆಯ ಕಣ್ಣಲ್ಲಿ ನೀರಿತ್ತು. ಆರ್ಡರ್ ಬೇರೆ ದೇಶಕ್ಕೆ ಹೋಯಿತು.

ತಿಂಗಳು ತುಂಬುವುದರೊಳಗೆ ಕಾರ್ಖಾನೆ ಮುಚ್ಚಿತು. ತೊಟ್ಟಿಗಳನ್ನು ಗುಜರಿಯವರು ಗ್ಯಾಸಿನಲ್ಲಿ ಕತ್ತರಿಸಿ ಒಯ್ದರು. ಕೊನೆಯ ಸಂಬಳದ ಬದಲಿಗೆ ಎಲ್ಲರಿಗೂ ಅದೇ ಬೆಡ್‌ಶೀಟು ಸಿಕ್ಕಿತು, ಹೊತ್ತುಕೊಂಡು ಹೋಗುವಷ್ಟು. ನಮ್ಮ ಓಣಿ ಕೆಂಪಾಯಿತು. ಬಾಗಿಲಿಗೆ ಕೆಂಪು ಪರದೆ, ಮಂಚಕ್ಕೆ ಕೆಂಪು ಹಾಸು, ಬಿಸಿಲು ತಡೆಯಲು ಮಹಡಿಗಳ ಮೇಲೆ ಕೆಂಪು ಚಪ್ಪರ. ಜನ ಅವನ್ನು ಟ್ಯಾಂಕರಿನ ನೀರಿನಲ್ಲಿ ತೊಳೆದರು. ಒಂದು ಹನಿ ಬಣ್ಣ ಬಿಡಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಓಣಿಯವರು ಒಬ್ಬೊಬ್ಬರಾಗಿ ಶೀಟು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. "ಮೇಸ್ತ್ರಿ, ನೋಡಿ, ಬಿಳಿ ಅಂಚು ಹೇಗಿತ್ತೋ ಹಾಗೇ ಇದೆ. ನಿಮಗೆ ಮೋಸ ಮಾಡಿದ್ರು." ಕೆಲಸ ಕಳೆದುಕೊಂಡ ಜನ, ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡವರು, ಬಂದು ಇವರನ್ನು ಸಮಾಧಾನ ಮಾಡುತ್ತಿದ್ದರು. ಎಲ್ಲರಿಗಿಂತ ಜೋರು ರೇಡಿಯೊನದು. ಹೊಳೆಯ ಒಣ ಪಾತ್ರದಲ್ಲಿ ಮರಳು ತುಂಬುವ ಕೆಲಸಕ್ಕೆ ಹೋಗುತ್ತಿದ್ದ ಅವನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ: "ಆ ಬಾಟಲೀಲಿ ಏನೋ ಔಷಧಿ ಇತ್ತು. ನಾನು ಅಲ್ಲೇ ಇದ್ದೆ, ಕಣ್ಣಾರೆ ನೋಡಿದ್ದೀನಿ."

ಭಾವ ಪ್ರತಿಯೊಬ್ಬರಿಗೂ ನಿಜ ಹೇಳಿದರು. ಉಪ್ಪು ಹೀಗೆ, ನೀರು ಹೀಗೆ, ತಪ್ಪು ನನ್ನದು. ಜನ ತಲೆದೂಗಿ ಎದ್ದು ಹೋಗುತ್ತಿದ್ದರು. ಹೊರಗೆ ಹೋಗಿ, ಪಾಪ, ಎಂಥ ದೊಡ್ಡ ಮನಸ್ಸು, ಎಲ್ಲ ತನ್ನ ಮೇಲೆ ಹಾಕ್ಕೋತಾರೆ ಎಂದು ಮೆಚ್ಚುತ್ತಿದ್ದರು. ನನಗೆ ಉರಿದು ಹೋಗುತ್ತಿತ್ತು. "ಸುಮ್ನೆ ಇರಬಾರದಾ ಭಾವ? ನಂಬೋದಾದ್ರೆ ನಂಬಲಿ ಬಿಡಿ," ಎಂದೆ ಒಂದು ದಿನ. "ಅವರು ನನ್ನ ಬೈದ್ರೆ ನಿದ್ದೆ ಬರ್ತಿತ್ತು ಕಣೇ," ಎಂದರು. ಅವರಿಗೆ ಕೊನೆಗೆ ಸಿಕ್ಕ ಕೆಲಸ ಟ್ಯಾಂಕರಿನ ಹಿಂದೆ ನಿಂತು ಪೈಪು ಹಿಡಿಯುವುದು. ಟ್ಯಾಂಕರಿನ ಮಾಲೀಕ ಹಿಂದೆ ನಮ್ಮ ಗೇಟಿನಲ್ಲಿ ಬೇಲು ಹೊರುತ್ತಿದ್ದವನು. ಭಾವನ ಉಗುರು ಮನುಷ್ಯರ ಉಗುರಿನ ಬಣ್ಣಕ್ಕೆ ಬಂತು. ಅಕ್ಕ ಅದನ್ನು ನೋಡಿ ಅಡುಗೆಮನೆಯಲ್ಲಿ ಅತ್ತಳು.

ಮಳೆ ಬಂದದ್ದು ಒಂದು ಮಧ್ಯಾಹ್ನ, ಯಾರೂ ಕಾಯದೆ ಇದ್ದಾಗ. ಮೋಡ ಯಾವಾಗ ಬಂತೋ, ಧಪಧಪನೆ ಸುರಿಯತೊಡಗಿತು. ಓಣಿ ಓಣಿಯೇ ಬೀದಿಗಿಳಿಯಿತು. ಮುದುಕರು ಬಾಯಿ ತೆರೆದು ನಿಂತರು, ಮಕ್ಕಳು ಹುಚ್ಚೆದ್ದು ಕುಣಿದರು, ಹೆಂಗಸರು ಸಿಕ್ಕಿದ ಪಾತ್ರೆಯನ್ನೆಲ್ಲ ಸೂರಿನ ಕೆಳಗೆ ಜೋಡಿಸಿದರು. ನಾನು ಮಹಡಿಗೆ ಓಡಿದೆ. ಭಾವ ಆಗಲೇ ಅಲ್ಲಿದ್ದರು. ಅವರು ಆಕಾಶ ನೋಡುತ್ತಿರಲಿಲ್ಲ.

ಪ್ರತಿ ಮಹಡಿಯ ಚಪ್ಪರದಿಂದಲೂ, ಪ್ರತಿ ಕಿಟಕಿಯ ಪರದೆಯಿಂದಲೂ ಕೆಂಪು ಇಳಿಯುತ್ತಿತ್ತು. ಸುಣ್ಣದ ಗೋಡೆಗಳ ಮೇಲೆ, ಮೆಟ್ಟಿಲುಗಳ ಮೇಲೆ, ಸೂರಿನ ಕೆಳಗಿಟ್ಟ ಪಾತ್ರೆಗಳೊಳಗೆ. ಕುಣಿಯುತ್ತಿದ್ದ ಮಕ್ಕಳ ಅಂಗಿಯೆಲ್ಲ ಗುಲಾಬಿ. ಮೊದಲು ಜನಕ್ಕೆ ಗೊತ್ತೇ ಆಗಲಿಲ್ಲ. ಗೊತ್ತಾದ ಮೇಲೆ ಒಬ್ಬೊಬ್ಬರಾಗಿ ತಮ್ಮ ಕೈ ನೋಡಿಕೊಂಡರು, ಗೋಡೆ ನೋಡಿದರು, ಆಮೇಲೆ ತಲೆಯೆತ್ತಿ ನಮ್ಮ ಮಹಡಿಯತ್ತ ನೋಡಿದರು. ವರ್ಷಗಟ್ಟಲೆ ಬೇಡಿಕೊಂಡ ಮಳೆಯನ್ನು ನಾನು ಅಷ್ಟು ಶಪಿಸುತ್ತೇನೆ ಎಂದು ಯಾವತ್ತೂ ಅಂದುಕೊಂಡಿರಲಿಲ್ಲ.

ಅದು ನಿಲ್ಲುವುದಕ್ಕೂ ಹೆಚ್ಚು ಹೊತ್ತಾಗಲಿಲ್ಲ. ಅಣೆಕಟ್ಟೆಗೆ ಒಂದು ಗೇಣೂ ಬರಲಿಲ್ಲವೆಂದು ಆಮೇಲೆ ತಿಳಿಯಿತು. ಬಿಸಿಲು ಮತ್ತೆ ಬಿತ್ತು. ನಾವು ಕೆಳಗಿಳಿದು ಬಂದಾಗ ಬಾಗಿಲಲ್ಲಿ ರೇಡಿಯೊ ನಿಂತಿದ್ದ. ತಲೆಯಿಂದ ಕಾಲಿನವರೆಗೆ ನೆನೆದಿದ್ದ, ಎರಡೂ ಅಂಗೈ ಕೆಂಪು. ಅವನ್ನು ಅಂಗಿಗೆ ಒರೆಸಿಕೊಂಡ, ಕೆಂಪು ಹೋಗಲಿಲ್ಲ. ಕೊನೆಗೆ ಕೇಳಿದ, ಜಗಳದ ದನಿಯಲ್ಲಿ ಅಲ್ಲ, ಮೆಲ್ಲಗೆ.

"ಮೇಸ್ತ್ರಿ, ಅವತ್ತು ಪರೀಕ್ಷೆ ಮಾಡೋಕೆ ಒಂದು ಲೋಟ ಒಳ್ಳೆ ನೀರು ಇರಲಿಲ್ವಾ?"

ಅಕ್ಕ ಒಳಗಿನಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಭಾವ ಅವಳನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

"ಇತ್ತು," ಎಂದರು. "ಕುಡಿದ್ವಿ."